ಗೈಮಾ ಡೈರಿಯಲ್ಲಿ ಗೋದಲಿ ಸರಿಸಿದ ಪ್ರಸಂಗ

ಹಸು ಮೇವು ತಿನ್ನುತ್ತದೆ. ತಿಂದ ಮೇಲೆ ಸೆಗಣಿ ಹಾಕುತ್ತದೆ. ಈ ಸಂಗತಿಯು ಕತಾರಿನ ಅಲ್ ಖೋರ್ ಪಟ್ಟಣದಿಂದ ಸ್ವಲ್ಪ ಒಳಗಿರುವ ಗೈಮಾ ಡೈರಿ ಕಂಪನಿಯ ಆಡಳಿತವರ್ಗದ ಗಮನಕ್ಕೆ ಅಧಿಕೃತವಾಗಿ ಬಂದದ್ದು ಕಳೆದ ಚಳಿಗಾಲದಲ್ಲಿ. ಅದಕ್ಕೆ ಮುಂಚೆಯೂ ಅಲ್ಲಿನ ಹಸುಗಳು ಸೆಗಣಿ ಹಾಕುತ್ತಿದ್ದವೆಂದು ಕೆಲವರು ಹೇಳುತ್ತಾರೆ. ಆದರೆ ಆ ಕುರಿತು ಯಾವ ವರದಿಯೂ ಸಲ್ಲಿಕೆಯಾಗಿಲ್ಲವಾದ್ದರಿಂದ ಅದನ್ನು ನಡೆದ ಸಂಗತಿಯೆಂದು ಪರಿಗಣಿಸಲು ಬರುವುದಿಲ್ಲ.

ಬೇಸಿಗೆಯಿಡೀ ಆ ಹಸುಗಳು ದೊಡ್ಡ ಫ್ಯಾನು, ನೀರಿನ ತುಂತುರು ಎಲ್ಲ ಇರುವ ಶೆಡ್ಡಿನೊಳಗೆ, ಅವನ್ನು ನೋಡಿಕೊಳ್ಳುವ ಮನುಷ್ಯರಿಗಿಂತ ಸುಖವಾಗಿ ಇರುತ್ತಿದ್ದವು. ನವೆಂಬರ್ ಕಳೆದು ಗಾಳಿ ತಣ್ಣಗಾದ ಮೇಲೆ ಅವನ್ನು ಬಯಲಿಗೆ ಬಿಡುವುದು ರೂಢಿ. ಬಯಲಿನ ನಡುವೆ ಉದ್ದಕ್ಕೆ ಒಂದು ಕಬ್ಬಿಣದ ಮೇವಿನ ತೊಟ್ಟಿ. ಕಂಪನಿಯ ಕಾಗದಗಳಲ್ಲಿ ಅದರ ಹೆಸರು ಸ್ಥಿರಾಸ್ತಿ ಎಂದಿತ್ತು. ಮಣ್ಣಿನ ಅಧಿಕಾರಿ ಯತಿರಾಜರು ಮಾತ್ರ ಅದನ್ನು ಗೋದಲಿ ಎನ್ನುತ್ತಿದ್ದರು. ಅವರ ಬಾಯಿಂದ ಕೇಳಿ ಕೇಳಿ ನೇಪಾಳಿ ಕೆಲಸಗಾರರೂ ಗೋದಲಿ ಎನ್ನತೊಡಗಿದ್ದರು.

ಯತಿರಾಜರು ಮಂಡ್ಯದ ಕಡೆಯವರು. ಮಣ್ಣಿನ ವಿಜ್ಞಾನದಲ್ಲಿ ಎಮ್ಮೆಸ್ಸಿ. ಮರಳುಗಾಡಿನಲ್ಲಿ ಮಣ್ಣಿನ ಅಧಿಕಾರಿಗೆ ಏನಪ್ಪಾ ಕೆಲಸ ಎಂದು ಊರಿನವರು ಫೋನಿನಲ್ಲಿ ಕೇಳಿದಾಗಲೆಲ್ಲ ನಕ್ಕು ಮಾತು ಬದಲಾಯಿಸುತ್ತಿದ್ದರು. ಕಾರಣ ಇಷ್ಟೇ. ಗೈಮಾ ಹಾಲಿನ ಡಬ್ಬದ ಮೇಲೆ ಹಸಿರೆಲೆಯ ಮುದ್ರೆ ಒತ್ತಬೇಕಾದರೆ ಯುರೋಪಿನ ಸಂಸ್ಥೆಯೊಂದರ ಪ್ರಮಾಣಪತ್ರ ಬೇಕಿತ್ತು. ಆ ಸಂಸ್ಥೆಯ ನಿಯಮ ಹೀಗಿತ್ತು: ‘ಚಳಿಗಾಲದಲ್ಲಿ ದನಗಳಿಗೆ ಬಯಲಿನಲ್ಲಿ ಮೇವು ಹಾಕುವ ಪ್ರತಿಯೊಂದು ಡೈರಿಯೂ ಅದರಿಂದ ಸುತ್ತಲಿನ ಮಣ್ಣಿನ ಮೇಲಾಗುವ ಪರಿಣಾಮವನ್ನು ಅರ್ಹ ಅಧಿಕಾರಿಯಿಂದ ಪರಿಶೀಲಿಸತಕ್ಕದ್ದು, ಹಿಮ ಕರಗುವ ಮೊದಲು ಅಂತಿಮ ವರದಿ ಸಲ್ಲಿಸತಕ್ಕದ್ದು.’ ಕತಾರಿನಲ್ಲಿ ಹಿಮ ಯಾವಾಗ ಕರಗುತ್ತದೆ ಎಂಬ ಬಗ್ಗೆ ದೋಹಾದ ಮುಖ್ಯ ಕಚೇರಿಯಲ್ಲಿ ಒಂದು ಸಭೆ ನಡೆದು, ಮಾರ್ಚ್ ಕೊನೆಯಲ್ಲಿ ಕರಗುತ್ತದೆ ಎಂದು ಸರ್ವಾನುಮತದಿಂದ ತೀರ್ಮಾನವಾಗಿತ್ತು.

ಹಾಗೆ ನೋಡಿದರೆ ಅಲ್ಲಿ ಮಣ್ಣು ಎನ್ನುವಂಥದ್ದು ಇದ್ದದ್ದು ಒಂದೇ ಕಡೆ. ಮೇವಿನ ಬಯಲಿನ ಕೆಳಗೆ ನೆಲ ಬೋಗುಣಿಯ ಹಾಗೆ ತಗ್ಗಾಗಿತ್ತು. ಅರಬರು ಇಂಥ ತಗ್ಗನ್ನು ರೌದಾ ಎನ್ನುತ್ತಾರೆ. ವರ್ಷಕ್ಕೊಂದೆರಡು ಸಲ ಬೀಳುವ ಮಳೆಯ ನೀರು ಸುತ್ತಲಿಂದ ಹರಿದು ಬಂದು ಅಲ್ಲಿ ನಿಂತು ಇಂಗುತ್ತದೆ. ಎಷ್ಟೋ ಕಾಲದಿಂದ ಹಾಗೆ ನಿಂತೂ ನಿಂತೂ ಹಿಟ್ಟಿನಂಥ ನುಣುಪು ಮಣ್ಣು ಕೂಡಿಕೊಂಡಿತ್ತು. ಅದರಲ್ಲಿ ಒಂದು ಹಳೆಯ ಸಿದ್ರ್ ಮರ. ಅದು ನಮ್ಮ ಎಲಚಿಯ ಜಾತಿಯದೇ. ಮೊದಲ ಸಲ ಹೆಂಡತಿ ಅರುಂಧತಿಯನ್ನು ಅಲ್ಲಿಗೆ ಕರೆತಂದಾಗ ಆಕೆ ಬಿದ್ದಿದ್ದ ಹಣ್ಣೊಂದನ್ನು ಒರೆಸಿ ಬಾಯಿಗಿಟ್ಟುಕೊಂಡು, “ರೀ, ಎಲಚಿ ಹಣ್ಣು ಕಣ್ರೀ ಇದು!” ಎಂದು ಕೂಗಿಕೊಂಡಿದ್ದಳು. ದೋಹಾದ ಅಲ್ ಮನ್ಸೂರಾ ಬಡಾವಣೆಯ ಮೂರನೇ ಮಹಡಿಯ ಮನೆಗೆ ಬಂದು ಏಳು ವರ್ಷವಾದರೂ ಆಕೆ ಅಷ್ಟು ಗಟ್ಟಿಯಾಗಿ ಖುಷಿಪಟ್ಟದ್ದನ್ನು ಯತಿರಾಜರು ಕಂಡಿರಲಿಲ್ಲ. ಅಂದಿನಿಂದ ಪ್ರತಿ ಚಳಿಗಾಲ ಆಕೆ ಆ ಹಣ್ಣನ್ನು ಕುಟ್ಟಿ, ಬೆಲ್ಲ, ಮೆಣಸಿನಕಾಯಿ ಹಾಕಿ ಬಾಲ್ಕನಿಯಲ್ಲಿ ಎಲಚಿ ವಡೆ ಒಣಗಿಸುತ್ತಿದ್ದಳು. ಯತಿರಾಜರಿಗೆ ಆ ತಗ್ಗಿನ ಮೇಲೆ ಜೀವ. ಕಂಪನಿಯಲ್ಲಿ ಸಂಬಳ ಕೊಡುತ್ತಿದ್ದುದೂ ಆ ಮಣ್ಣನ್ನು ನೋಡಿಕೊಳ್ಳಲಿಕ್ಕೇ ಎಂದು ಅವರು ಪ್ರಾಮಾಣಿಕವಾಗಿ ನಂಬಿಕೊಂಡಿದ್ದರು.

ಆ ಡಿಸೆಂಬರಿನಲ್ಲಿ ಕಂಪನಿಗೆ ಹೊಸ ಸುರಕ್ಷತಾ ಮ್ಯಾನೇಜರ್ ಬಂದರು. ಉಳ್ಳಾಲದ ಸರ್ಫರಾಝ್ ಸಾಹೇಬರು. ಇಪ್ಪತ್ತು ವರ್ಷ ಗ್ಯಾಸ್ ಪ್ಲಾಂಟುಗಳಲ್ಲಿ ದುಡಿದವರು. ಅವರ ಕೈಕೆಳಗೆ ಒಂದು ಹನಿ ಎಣ್ಣೆ ನೆಲಕ್ಕೆ ಬಿದ್ದದ್ದಿಲ್ಲ ಎಂದು ಪ್ರಖ್ಯಾತರು. ಅಂಥವರು ಬಂದದ್ದು ಡೈರಿಯ ಪುಣ್ಯವೆಂದು ಜನರಲ್ ಮ್ಯಾನೇಜರ್ ಝಿಯಾದ್ ಸ್ವಾಗತ ಭಾಷಣದಲ್ಲಿ ಹೇಳಿದರು. ಝಿಯಾದ್ ಜೋರ್ಡಾನಿನವರು. ಮೊದಲು ಸಿಮೆಂಟಿನ ವ್ಯಾಪಾರದಲ್ಲಿದ್ದರು.

ಸಾಹೇಬರು ಹೆಲ್ಮೆಟ್ಟು, ಕನ್ನಡಕ, ಹೊಳೆಯುವ ಹಳದಿ ಜಾಕೆಟ್ಟು ತೊಟ್ಟು ಮೇವಿನ ಬಯಲಿನ ಮೊದಲ ತಪಾಸಣೆಗೆ ಹೊರಟರು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಮುಂದಿದ್ದ ಹಸು ಬಾಲವೆತ್ತಿತು. ಸಾಹೇಬರು ನಿಂತಲ್ಲೇ ನಿಂತರು.

“ಎಂತ ಇದು?”

“ಸೆಗಣಿ, ಸಾರ್,” ಎಂದರು ಯತಿರಾಜರು.

“ಅದು ನನಗೂ ಗೊತ್ತುಂಟು ಮಾರಾಯ್ರೆ. ನಮ್ಮ ಉಮ್ಮ ದನ ಸಾಕಿಯೇ ನನ್ನನ್ನು ಓದಿಸಿದ್ದು. ನಾನು ಕೇಳುವುದು ಬೇರೆ. ಒಂದು ಯೂನಿಟ್‌ನಿಂದ ಒಂದು ವಸ್ತು ಹೊರಗೆ ಬಂತು. ನೇರ ಮಣ್ಣಿಗೆ ಬಿತ್ತು. ಕೆಳಗೆ ಟ್ರೇ ಇಲ್ಲ, ಕಟ್ಟೆ ಇಲ್ಲ, ಎಂತದೂ ಇಲ್ಲ. ಇದಕ್ಕೆ ಎಂತ ಹೇಳುವುದು?”

“ಗೊಬ್ಬರ ಅನ್ನಬಹುದು ಸಾರ್.”

“ಸ್ಪಿಲ್! ಇದಕ್ಕೆ ಸ್ಪಿಲ್ ಹೇಳುವುದು. ಊರಲ್ಲಿ ಅದು ಸೆಗಣಿ, ಇಲ್ಲಿ ಅದು ಇನ್ಸಿಡೆಂಟ್.”

ಅಂದಿನಿಂದ ಕೆಲಸದ ಕ್ರಮವೇ ಬದಲಾಯಿತು. ಹಸು ಸೆಗಣಿ ಹಾಕಿದ ಕೂಡಲೇ ನೋಡಿದವರು ಸೀಟಿ ಊದತಕ್ಕದ್ದು. ಸೆಗಣಿಯ ನಾಲ್ಕು ದಿಕ್ಕಿಗೆ ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು ಪಟ್ಟಿ ಕಟ್ಟತಕ್ಕದ್ದು. ಫೋಟೋ ತೆಗೆದು, ಕಾರಣ ಪತ್ತೆಯಾಗುವ ತನಕ ಯಾರೂ ಮುಟ್ಟತಕ್ಕದ್ದಲ್ಲ. ಮೂರನೆಯ ದಿನಕ್ಕೆ ಬಯಲಿನ ತುಂಬ ಶಂಕುಗಳಾಗಿ ಹಸುಗಳಿಗೆ ನಿಲ್ಲಲು ಜಾಗ ಸಾಲದಾಯಿತು. ಪಟ್ಟಿಯನ್ನು ಹಸುಗಳೇ ತಿಂದವು. ತಿಂದದ್ದು ಮಾರನೆಯ ದಿನ ಹೊರಬಂದಾಗ ಅದನ್ನು ಮರುಕಳಿಸಿದ ಅಪರಾಧವೆಂದು ದಾಖಲಿಸಲಾಯಿತು. ಗೇಟಿನ ಬಳಿ ದೊಡ್ಡ ಫಲಕ ಎದ್ದಿತು: ‘ಸ್ಪಿಲ್ ಇಲ್ಲದೆ ಕಳೆದ ದಿನಗಳು’. ಅದರ ಮುಂದೆ ಸೊನ್ನೆ. ಸೊನ್ನೆಯನ್ನು ದಿನಾ ಬೆಳಿಗ್ಗೆ ಒರೆಸಿ ಮತ್ತೆ ಬರೆಯಲು ಒಬ್ಬನನ್ನು ನೇಮಿಸಲಾಯಿತು. ಮೂಗಿಗಿಂತ ಮೂಗುತಿ ಭಾರ ಎಂದು ಹಳಬರು ಗೊಣಗಿದರೂ, ಗೊಣಗುವುದಕ್ಕೆ ಬೇರೆ ಪೆಟ್ಟಿಗೆ ಇಟ್ಟಿದ್ದರಿಂದ ಎಲ್ಲರೂ ಅದರಲ್ಲೇ ಚೀಟಿ ಹಾಕಿ ಸುಮ್ಮನಾದರು.

ಮೂಲ ಕಾರಣ ಹುಡುಕುವ ಸಮಿತಿ ಮೊದಲ ವಾರವೇ ಸೇರಿತು. ಸೆಗಣಿ ಏಕೆ ಬಿತ್ತು? ಹಸು ತಿಂದಿದ್ದರಿಂದ. ಏಕೆ ತಿಂದಿತು? ಮೇವು ಹಾಕಿದ್ದರಿಂದ. ಏಕೆ ಹಾಕಿದಿರಿ? ಈ ಪ್ರಶ್ನೆಗೆ ಯಾರ ಬಳಿಯೂ ಲಿಖಿತ ಉತ್ತರವಿರಲಿಲ್ಲ. ಅಪಾಯವನ್ನು ಬುಡದಲ್ಲೇ ತೆಗೆದುಹಾಕುವುದು ಅತ್ಯುತ್ತಮ ಕ್ರಮವಾದ್ದರಿಂದ ಹಸುಗಳನ್ನು ತೆಗೆದುಹಾಕಬೇಕೆಂದು ಸಮಿತಿ ಶಿಫಾರಸು ಮಾಡಿತು. ಡೈರಿಗೆ ಹಸು ಬೇಕಾಗಬಹುದು ಎಂದು ಝಿಯಾದ್ ಆಕ್ಷೇಪಿಸಿದರು. ಹಾಗಾದರೆ ಎಚ್ಚರಿಕೆಯ ಫಲಕವಾದರೂ ಬೇಕು ಎಂದಾಯಿತು. ‘ಇಲ್ಲಿ ಸೆಗಣಿ ಹಾಕಕೂಡದು’ ಎಂಬ ಫಲಕ ಅರೇಬಿಕ್, ಇಂಗ್ಲಿಷ್, ಹಿಂದಿ, ಮಲಯಾಳಂ ಭಾಷೆಗಳಲ್ಲಿ ಬಂತು. ಹಸುಗಳು ಜರ್ಮನಿಯಿಂದ ಬಂದವು ಎಂದು ಯಾರೋ ನೆನಪಿಸಿದ ಮೇಲೆ ಜರ್ಮನ್ ಭಾಷೆಯಲ್ಲೂ ಬರೆಸಿದರು. ಫಲಕದ ಕಂಬ ಮೈ ತಿಕ್ಕಿಕೊಳ್ಳಲು ಅನುಕೂಲವಾಗಿದ್ದರಿಂದ ಹಸುಗಳು ಅಲ್ಲೇ ಹೆಚ್ಚಾಗಿ ನಿಲ್ಲತೊಡಗಿದವು. ಅವು ಓದುತ್ತಿವೆ ಎಂದು ಸಮಿತಿ ಸಮಾಧಾನಪಟ್ಟಿತು.

ಈ ಗದ್ದಲದಲ್ಲಿ ಯತಿರಾಜರ ಕಣ್ಣು ಬೇರೆಲ್ಲೋ ಇತ್ತು. ಗೋದಲಿ ಒಂದೇ ಕಡೆ ಇದ್ದುದರಿಂದ ಹಸುಗಳೆಲ್ಲ ದಿನವಿಡೀ ಅದರ ಸುತ್ತಲೇ ತುಳಿಯುತ್ತಿದ್ದವು. ಸೆಗಣಿ, ಗಂಜಳ, ಚೆಲ್ಲಿದ ಹೊಟ್ಟು ಎಲ್ಲ ಸೇರಿ ಗೊರಸಿನಡಿ ಕುಟ್ಟಿಸಿಕೊಂಡು ನೆಲ ದಿಮ್ಮೆನ್ನುವಷ್ಟು ಗಟ್ಟಿಯಾಗಿತ್ತು. ಯತಿರಾಜರು ಒಂದು ಬೆಳಿಗ್ಗೆ ಅಲ್ಲಿ ಒಂದು ಚೊಂಬು ನೀರು ಹೊಯ್ದು ನೋಡಿದರು. ನೀರು ಒಂದಿಷ್ಟೂ ಇಂಗದೆ, ಕಂದು ಬಣ್ಣಕ್ಕೆ ತಿರುಗಿ, ಇಳಿಜಾರು ಹುಡುಕಿಕೊಂಡು ತಗ್ಗಿನ ಕಡೆ ಹೊರಟಿತು.

ಯತಿರಾಜರು ನೇರ ಸಾಹೇಬರ ಕೋಣೆಗೆ ಹೋದರು.

“ಸಾರ್, ನಮ್ಮೂರಲ್ಲಿ ಕಣ ಮಾಡೋದು ಹೀಗೇನೇ. ನೆಲಕ್ಕೆ ನೀರು ಹೊಡೆದು, ದನ ಕಟ್ಟಿ ತುಳಿಸಿ, ಮೇಲೆ ಸೆಗಣಿ ಸಾರಿಸ್ತಾರೆ. ಆಮೇಲೆ ಮಳೆ ಬಂದ್ರೂ ಒಂದು ತೊಟ್ಟು ಒಳಗಿಳಿಯಲ್ಲ. ಈಗ ಆ ಬಯಲು ಕಣ ಆಗಿದೆ. ಮಳೆ ಬಿದ್ರೆ ಅಷ್ಟೂ ಬಗ್ಗಡ ಹೋಗಿ ಆ ತಗ್ಗಲ್ಲಿ ನಿಲ್ಲುತ್ತೆ. ಅಲ್ಲಿನ ಮಣ್ಣು ಉಪ್ಪಾಗುತ್ತೆ, ಬೇರು ಉಸಿರುಕಟ್ಟುತ್ತೆ, ಮರ ಹೋಗುತ್ತೆ.”

“ಹಾಗಾದರೆ ಎಂತ ಮಾಡುವ?”

“ದೊಡ್ಡ ಕೆಲಸ ಏನಿಲ್ಲ ಸಾರ್. ಗೋದಲೀನ ತಗ್ಗಿಂದ ಆಚೆ, ಅಗೋ ಆ ದಿಬ್ಬದ ಹಿಂದಕ್ಕೆ ಸರಿಸಬೇಕು. ಹದಿನೈದು ದಿನಕ್ಕೊಂದು ಸಲ ಜಾಗ ಬದಲಾಯಿಸ್ತಾ ಇರಬೇಕು. ಫೋರ್ಕ್‌ಲಿಫ್ಟ್ ಇದೆ, ಅರ್ಧ ಗಂಟೆ ಸಾಕು.”

ಸಾಹೇಬರು ಕೆಟ್ಟವರಲ್ಲ. ಮಾತು ಅವರಿಗೆ ಅರ್ಥವಾಯಿತು, ಸರಿಯೆಂದೂ ತೋರಿತು. ಆದ್ದರಿಂದಲೇ ಅದನ್ನು ಕ್ರಮಪ್ರಕಾರ ಮಾಡಬೇಕೆಂದು ಅವರು ನಿರ್ಧರಿಸಿದರು. ಗೋದಲಿ ಎತ್ತಲು ಭಾರ ಎತ್ತುವ ಪರವಾನಗಿ ಬೇಕು. ಪರವಾನಗಿಗೆ ಫೋರ್ಕ್‌ಲಿಫ್ಟ್ ನಿಲ್ಲುವ ನೆಲ ಗಟ್ಟಿಯಾಗಿದೆಯೆಂದು ಮಣ್ಣಿನ ವರದಿ ಬೇಕು. ಮಣ್ಣಿನ ವರದಿ ಮೇವು ಹಾಕುವ ಕಾಲ ಮುಗಿದ ಮೇಲೆ ಮಾತ್ರ ಅಂತಿಮವಾಗುತ್ತದೆ. ಮೇವು ಹಾಕುವ ಕಾಲ ಮುಗಿದ ಮೇಲೆ ಗೋದಲಿ ಸರಿಸುವ ಅಗತ್ಯವಿಲ್ಲವಾದ್ದರಿಂದ ಪರವಾನಗಿ ಕೊಡಲು ಬರುವುದಿಲ್ಲ.

“ಇದು ಮುಗಿಯೋದು ಯಾವಾಗ ಸಾರ್?”

“ಹಿಮ ಕರಗಬೇಕಲ್ಲ ಮಾರಾಯ್ರೆ,” ಎಂದರು ಸಾಹೇಬರು ಮರುಕದಿಂದ.

ಯತಿರಾಜರು ಝಿಯಾದರ ಬಳಿಗೂ ಹೋದರು. ಝಿಯಾದ್ ಪೂರ್ತಿ ಕೇಳಿಸಿಕೊಂಡು, ಚಹಾ ತರಿಸಿ, ಗೋದಲಿಯನ್ನು ಅಲ್ಲೇ ಬಿಟ್ಟು ಹಸುಗಳನ್ನು ಸರಿಸಲು ಬರುವುದಿಲ್ಲವೇ ಎಂದು ಕೇಳಿದರು. ಮೇವು ಗೋದಲಿಯಲ್ಲೇ ಇರುತ್ತದಲ್ಲ ಎಂದು ಯತಿರಾಜರು ವಿವರಿಸಿದಾಗ, “ಯಲ್ಲಾ, ಆಗಲಿ, ನೋಡೋಣ,” ಎಂದು ಎದ್ದು ನಿಂತರು. ಮನೆಗೆ ಬಂದರೆ ಅರುಂಧತಿ ಗಂಡನ ಮುಖ ನೋಡಿಯೇ ಊಹಿಸಿದಳು.

“ರೀ, ಕೆಲಸದೋರಿಗೆ ಹೇಳಿ ಸುಮ್ನೆ ಎಳೆಸಿಬಿಡಿ. ಯಾರು ನೋಡ್ತಾರೆ?”

“ಪರವಾನಗಿ ಇಲ್ದೆ ಎತ್ತಿದ್ರೆ ಗೇಟಿಂದಾಚೆಗೆ ಕಳಿಸ್ತಾರೆ ಕಣೇ. ಮಾರ್ಚಲ್ಲಿ ಆಶ್ರಿತಾಗೆ ಹತ್ತನೇ ಕ್ಲಾಸ್ ಪರೀಕ್ಷೆ. ಈಗ ವೀಸಾ ಹೋದ್ರೆ ಅವಳನ್ನ ಎಲ್ಲಿ ಕೂರಿಸ್ತೀಯ?”

ಅತ್ತ ದರಿ ಇತ್ತ ಪುಲಿ ಎಂಬ ಮಾತನ್ನು ಯತಿರಾಜರು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದರು. ಅದರ ಅರ್ಥವಾಗಲು ಕತಾರಿಗೆ ಬರಬೇಕಾಯಿತು.

ಜನವರಿಯ ಒಂದು ಬೆಳಿಗ್ಗೆ ಮೋಡ ಕವಿದು, ಗುಡುಗಿ, ಮಳೆ ಸುರಿಯಿತು. ಕತಾರಿನಲ್ಲಿ ಮಳೆ ಬಂದರೆ ಜನ ಬಾಲ್ಕನಿಗೆ ಬಂದು ವಿಡಿಯೋ ಮಾಡುತ್ತಾರೆ. ಯತಿರಾಜರು ಕೊಡೆಯೂ ಇಲ್ಲದೆ ಬಯಲಿಗೆ ಓಡಿದರು. ಅವರು ಹೆದರಿದ್ದಂತೆಯೇ ಆಯಿತು. ಗೋದಲಿಯ ಸುತ್ತಲಿನ ಕಣದ ಮೇಲೆ ಬಿದ್ದ ನೀರು ಒಂದು ತಿಂಗಳ ಸೆಗಣಿ ಗಂಜಳವನ್ನೆಲ್ಲ ಬಾಚಿಕೊಂಡು, ಕಿತ್ತಳೆ ಶಂಕುಗಳನ್ನು ತೇಲಿಸಿಕೊಂಡು, ಕಪ್ಪಗೆ ತಗ್ಗಿಗೆ ಇಳಿಯುತ್ತಿತ್ತು. ಅವರು ಒಂದು ಸಲಿಕೆ ಹಿಡಿದು ಅಡ್ಡ ಬದು ಹಾಕಲು ನೋಡಿದರು. ನೆಲ ಅಗೆಯಲು ಬೇರೆಯೇ ಪರವಾನಗಿ ಬೇಕೆಂದು ಕಾವಲಿನವನು ಸಲಿಕೆ ಕಿತ್ತುಕೊಂಡ. ಅವನ ತಪ್ಪೇನೂ ಇರಲಿಲ್ಲ, ತರಬೇತಿ ಹಾಗೇ ಆಗಿತ್ತು.

ಅಷ್ಟರಲ್ಲಿ ಸೈರನ್ ಕೂಗಿತು. ಇಷ್ಟು ದೊಡ್ಡ ಸ್ಪಿಲ್ ಆದಾಗ ಎಲ್ಲರೂ ಕೆಲಸ ಬಿಟ್ಟು ನಿಗದಿತ ಜಾಗದಲ್ಲಿ ಸೇರಿ ತಲೆಯೆಣಿಕೆ ಕೊಡಬೇಕೆಂದು ನಿಯಮ. ಆ ಜಾಗವನ್ನು ಸಾಹೇಬರೇ ಡಿಸೆಂಬರಿನಲ್ಲಿ ಆರಿಸಿದ್ದರು. ನೆರಳಿದೆ ಎಂಬ ಕಾರಣಕ್ಕೆ ಅದು ತಗ್ಗಿನಲ್ಲಿ, ಸಿದ್ರ್ ಮರದ ಕೆಳಗೆ ಇತ್ತು. ಹೀಗಾಗಿ ಹಾಲು ಕರೆಯುವವರು, ಡ್ರೈವರುಗಳು, ಲೆಕ್ಕ ಬರೆಯುವವರು, ಕ್ಯಾಂಟೀನಿನ ತೆರೆಜಾ ಬಾಯಿ, ಸ್ವತಃ ಸಾಹೇಬರು ಎಲ್ಲರೂ ಸಾಲಾಗಿ ತಗ್ಗಿಗಿಳಿದು ಮೊಣಕಾಲುದ್ದದ ಬಗ್ಗಡದಲ್ಲಿ ನಿಂತರು. ಹೆಸರು ಕೂಗಲಾಯಿತು. ಒಬ್ಬರು ಎರಡು ಸಲ ಹಾಜರಿ ಹೇಳಿದ್ದರಿಂದ ಮೊದಲಿಂದ ಮತ್ತೆ ಕೂಗಲಾಯಿತು.

“ಸರ್ಫರಾಝ್ ಬಾಬ್,” ಎಂದು ತೆರೆಜಾ ಬಾಯಿ ಸೀರೆ ಎತ್ತಿ ಹಿಡಿದುಕೊಂಡು ಕೇಳಿದರು, “ನಾವು ಸ್ಪಿಲ್ಲಿನಿಂದ ತಪ್ಪಿಸಿಕೊಳ್ಳಲಿಕ್ಕೆ ಇಲ್ಲಿ ಬಂದದ್ದಾ?”

“ಹೌದು.”

“ಮತ್ತೆ ಇದು ಎಂತದು, ಕಾಲಿಗೆ ತಾಗುವುದು?”

ಸಾಹೇಬರು ತಗ್ಗಿನ ಅಂಚನ್ನು ಸುತ್ತಲೂ ನೋಡುತ್ತಿದ್ದರು. ಮಳೆ ನಿಂತಿತ್ತು. ಬಗ್ಗಡ ತಗ್ಗಿನಲ್ಲಿ ತುಂಬಿತ್ತು. ಆದರೆ ಅಂಚು ದಾಟಿ ಹೊರಗೆ ಒಂದು ಹನಿಯೂ ಹೋಗಿರಲಿಲ್ಲ. ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು.

“ಯತಿರಾಜರೇ,” ಎಂದರು. “ಗ್ಯಾಸ್ ಪ್ಲಾಂಟಿನಲ್ಲಿ ಟ್ಯಾಂಕಿನ ಸುತ್ತ ಒಂದು ಕಟ್ಟೆ ಕಟ್ಟಿರ್ತಾರೆ. ಟ್ಯಾಂಕ್ ಸೋರಿದರೆ ಅದರ ಒಳಗೇ ನಿಲ್ಲಬೇಕು, ಹೊರಗೆ ಹೋಗಬಾರದು. ಒಳಗೆ ನಿಂತರೆ ಅದು ಸ್ಪಿಲ್ ಅಲ್ಲ. ಇದು ಅದೇ ಅಲ್ವಾ? ದೇವರೇ ಕಟ್ಟಿದ ಕಟ್ಟೆ!”

“ಸಾರ್, ಇದು ಮಣ್ಣು. ಇಡೀ ಜಾಗದಲ್ಲಿ ಇರೋ ಒಂದೇ ಮಣ್ಣು.”

“ಅಲ್ಲ ಮಾರಾಯ್ರೆ, ಇದು ಕಂಟೈನ್‌ಮೆಂಟ್.”

ವಾರದೊಳಗೆ ದೋಹಾದ ಮುಖ್ಯ ಕಚೇರಿಯಿಂದ ಆದೇಶ ಹೊರಟಿತು. ‘ಮೇವಿನ ಬಯಲಿನ ಕೆಳಗಿರುವ ತಗ್ಗನ್ನು ಇನ್ನು ಮುಂದೆ ದ್ವಿತೀಯ ತಡೆಗಟ್ಟೆ ಎಂದು ಕರೆಯತಕ್ಕದ್ದು. ತಡೆಗಟ್ಟೆಯೊಳಗೆ ಸೇರಿದ ಯಾವುದೇ ವಸ್ತುವನ್ನು ಸ್ಪಿಲ್ ಎಂದು ಪರಿಗಣಿಸತಕ್ಕದ್ದಲ್ಲ. ಮೇವಿನ ಬಯಲು ತಡೆಗಟ್ಟೆಗೆ ದಾರಿಯಾಗಿರುವುದರಿಂದ ಅಲ್ಲಿ ಬೀಳುವ ಸೆಗಣಿಯು ತಡೆಗಟ್ಟೆಗೆ ಹೋಗುವ ದಾರಿಯಲ್ಲಿದೆ ಎಂದು ತಿಳಿಯತಕ್ಕದ್ದು.’ ಅದೇ ಸಂಜೆ ಗೇಟಿನ ಫಲಕದಲ್ಲಿ ಸೊನ್ನೆ ಹೋಗಿ ಒಂದು ಬಂತು. ಜನ ಚಪ್ಪಾಳೆ ತಟ್ಟಿದರು, ಲಡ್ಡು ಹಂಚಿದರು. ಸೊನ್ನೆ ಬರೆಯುತ್ತಿದ್ದವನಿಗೆ ಬಡ್ತಿ ಸಿಕ್ಕಿತು.

ಇನ್ನು ಉಳಿದದ್ದು ಮಣ್ಣಿನ ಮಧ್ಯಂತರ ವರದಿ. ಯತಿರಾಜರು ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು: ತಗ್ಗಿನ ಮಣ್ಣಿನಲ್ಲಿ ಉಪ್ಪು ಮೇರೆ ಮೀರಿದೆ, ಕೊಳೆತ ವಾಸನೆ ಹುಟ್ಟಿದೆ, ಮರದ ಎಲೆ ಹಳದಿಗೆ ತಿರುಗುತ್ತಿದೆ. ಅವರನ್ನು ಮುಖ್ಯ ಕಚೇರಿಗೆ ಕರೆಸಿದರು. ಗಾಜಿನ ಕಟ್ಟಡದ ಎಂಟನೇ ಮಹಡಿಯಲ್ಲಿ ಝಿಯಾದ್, ಸಾಹೇಬರು, ಯತಿರಾಜರು ಕೂತರು.

“ನಿಯಮದಲ್ಲಿ ಏನಿದೆ?” ಎಂದು ಝಿಯಾದ್ ಸೌಮ್ಯವಾಗಿ ಕೇಳಿದರು. “ಸುತ್ತಲಿನ ಮಣ್ಣು. ನೀವು ಪರೀಕ್ಷೆ ಮಾಡಿದ್ದು ತಡೆಗಟ್ಟೆಯನ್ನು. ತಡೆಗಟ್ಟೆಯಲ್ಲಿ ಮಣ್ಣು ಇರುವುದಿಲ್ಲ. ಅಲ್ಲಿರುವುದು ತಳ.”

“ಹಾಗಾದ್ರೆ ಸುತ್ತಲಿನ ಮಣ್ಣು ಎಲ್ಲಿದೆ ಸಾರ್?”

“ತಡೆಗಟ್ಟೆಯ ಹೊರಗೆ.”

“ಹೊರಗಿರೋದು ಬರೀ ಕಲ್ಲು, ಮರಳು. ಅದೂ ಬೇಲಿಯ ಆಚೆ, ಬೇರೆಯವರ ಜಾಗ.”

“ಬೇರೆಯವರ ಜಾಗಕ್ಕೆ ಕಾಲಿಡುವಂತಿಲ್ಲ,” ಎಂದು ಸಾಹೇಬರು ಎಚ್ಚರಿಸಿದರು.

ಹಾಗಾದರೆ ಕಂಪನಿಯದೇ ಮಣ್ಣು ಬೇಕು, ಅದು ತಡೆಗಟ್ಟೆಯ ಹೊರಗಿರಬೇಕು. ಮೂವರೂ ಯೋಚಿಸುತ್ತ ಕೂತರು. ಕೊನೆಗೆ ಝಿಯಾದರ ದೃಷ್ಟಿ ಮೂಲೆಯಲ್ಲಿದ್ದ ಹೂಕುಂಡದ ಮೇಲೆ ಬಿತ್ತು. ಹಾಲೆಂಡಿನಿಂದ ಚೀಲದಲ್ಲಿ ತರಿಸಿದ ಮಣ್ಣು, ಗಿಡ ಪ್ಲಾಸ್ಟಿಕ್ಕಿನದು. ಕಂಪನಿಯ ಆಸ್ತಿ ಎಂದು ಕುಂಡಕ್ಕೆ ಚೀಟಿ ಅಂಟಿಸಿತ್ತು.

“ಇಲ್ಲಿಗೂ ಅಲ್ಲಿಗೂ ಐವತ್ತು ಕಿಲೋಮೀಟರ್ ಸಾರ್,” ಎಂದರು ಯತಿರಾಜರು.

“ಸುತ್ತಲು ಎಂದರೆ ಎಷ್ಟು ದೂರ ಎಂದು ನಿಯಮದಲ್ಲಿ ಇದೆಯೇ?”

ಇರಲಿಲ್ಲ. ಝಿಯಾದ್ ಇನ್ನೊಂದು ಸಭೆಗೆ ಎದ್ದು ಹೋದರು. ಸಾಹೇಬರು ಕುರ್ಚಿ ಹತ್ತಿರ ಎಳೆದುಕೊಂಡರು.

“ನೋಡಿ ಯತಿರಾಜರೇ, ನಾನು ಉಪಕಾರ ಗೊತ್ತಿಲ್ಲದವ ಅಲ್ಲ. ನೀವು ಇದಕ್ಕೆ ಒಂದು ಸೈನ್ ಹಾಕಿ. ಮಧ್ಯಂತರ ಆದರೂ ಸರಿ, ಮಣ್ಣಿನ ವರದಿ ಪಾಸಾದರೆ ನನಗೆ ಲಿಫ್ಟಿಂಗ್ ಪರ್ಮಿಟ್ ಕೊಡ್ಲಿಕ್ಕೆ ಆಗ್ತದೆ. ಗೋದಲಿ ನಾನು ಸರಿಸಿಕೊಡ್ತೇನೆ. ನನ್ನ ಉಮ್ಮ ಹವ್ವಮ್ಮನ ಮೇಲಾಣೆ.”

ಯತಿರಾಜರು ಕಿಟಕಿಯಾಚೆ ನೋಡಿದರು. ಸುಳ್ಳಿಗೆ ಸೈನ್ ಹಾಕುವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗೋದಲಿ ಸರಿದರೆ ಮುಂದಿನ ಮಳೆಯ ಹೊತ್ತಿಗೆ ಮರ ಉಳಿಯಬಹುದು. ಒಂದು ಸುಳ್ಳಿನಿಂದ ಒಂದು ಮರ ಉಳಿದರೆ ಪಾಪ ಅಷ್ಟೇನೂ ದೊಡ್ಡದಲ್ಲ ಎಂದು ಲೆಕ್ಕ ಹಾಕಿ, ಎದ್ದು ಹೋಗಿ ಕುಂಡದಿಂದ ಒಂದು ಚಮಚ ಮಣ್ಣು ತೆಗೆದರು. ಅದರಲ್ಲಿ ಸೆಗಣಿಯ ಲವಲೇಶವೂ ಸಿಗಲಿಲ್ಲ. ‘ತಡೆಗಟ್ಟೆಯಲ್ಲಿ ಮಣ್ಣು ಇರುವುದಿಲ್ಲ. ಹಸುಗಳಿಂದ ಸುತ್ತಲಿನ ಮಣ್ಣಿನ ಮೇಲೆ ಯಾವುದೇ ಪರಿಣಾಮವಾಗಿಲ್ಲ’ ಎಂದು ಬರೆದು ಸೈನ್ ಹಾಕಿದರು.

ಇಂಥ ಫಲಿತಾಂಶವನ್ನು ಯುರೋಪಿನ ಸಂಸ್ಥೆ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಅವರ ಕಡೆಯ ಡೈರಿಗಳಲ್ಲಿ ಚಳಿಗಾಲ ಕಳೆಯುವಷ್ಟರಲ್ಲಿ ಮೇವಿನ ಜಾಗದ ಸುತ್ತ ಕೆಸರಲ್ಲದೆ ಬೇರೇನೂ ಉಳಿಯುತ್ತಿರಲಿಲ್ಲ. ಗೈಮಾ ಡೈರಿಗೆ ಆ ವರ್ಷದ ‘ಮಣ್ಣಿನ ಮಿತ್ರ’ ಪ್ರಶಸ್ತಿ ಘೋಷಣೆಯಾಯಿತು. ಫೆಬ್ರವರಿಯಲ್ಲಿ ಡೈರಿಯಲ್ಲೇ ಸಮಾರಂಭ. ಶಾಮಿಯಾನ, ಖರ್ಜೂರ, ಕಾಫಿ, ದೋಹಾದಿಂದ ಬಂದ ಫೋಟೋಗ್ರಾಫರ್.

ಫೋಟೋಗ್ರಾಫರ್ ಬಯಲನ್ನು ನೋಡಿ ಮುಖ ಸಿಂಡರಿಸಿದ. ಹಿಂದುಗಡೆ ಬರೀ ಬೂದುಬಣ್ಣ, ಮಣ್ಣಿನ ಪ್ರಶಸ್ತಿಯ ಫೋಟೋಗೆ ಒಂದಿಷ್ಟು ಹಸಿರು ಬೇಡವೇ ಎಂದ. ಆಮೇಲೆ ಕೆಳಗೆ ಕೈ ತೋರಿಸಿದ. ಅಲ್ಲಿ ಸಿದ್ರ್ ಮರ, ಅರ್ಧ ಹಳದಿಯಾಗಿದ್ದರೂ ಇನ್ನರ್ಧ ಹಸಿರಾಗಿಯೇ ನಿಂತಿತ್ತು.

“ಯಲ್ಲಾ,” ಎಂದರು ಝಿಯಾದ್. “ಆ ತೊಟ್ಟಿಯನ್ನು ಮರದ ಕೆಳಗೆ ಇಡಿಸಿ. ಹಸುಗಳು ಅಲ್ಲೇ ತಿನ್ನಲಿ.”

ಸಾಹೇಬರು ಜೇಬಿನಿಂದ ಪರವಾನಗಿ ತೆಗೆದರು. ಕೊಟ್ಟ ಮಾತಿಗೆ ತಪ್ಪದೆ ಅದನ್ನು ಆಗಲೇ ಸಿದ್ಧಪಡಿಸಿಕೊಂಡಿದ್ದರು. ಎಲ್ಲಿಗೆ ಎಂಬ ಜಾಗವೊಂದು ಖಾಲಿಯಿತ್ತು. ಕಾರಿನ ಬಾನೆಟ್ಟಿನ ಮೇಲಿಟ್ಟು ಅದನ್ನೂ ತುಂಬಿದರು. ಶಾಮಿಯಾನದಲ್ಲಿ ಕುರ್ಚಿ ಜೋಡಿಸುತ್ತಿದ್ದ ಯತಿರಾಜರಿಗೆ ಫೋರ್ಕ್‌ಲಿಫ್ಟಿನ ಸದ್ದು ಕೇಳಿತು. ಗೋದಲಿ ಎರಡು ತಿಂಗಳಲ್ಲಿ ಮೊದಲ ಸಲ ನೆಲ ಬಿಟ್ಟು ಎದ್ದದ್ದು ಕಂಡಿತು. ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಮರುಗಳಿಗೆಯಲ್ಲಿ ಅದು ಯಾವ ಕಡೆ ತಿರುಗಿತು ಎಂಬುದೂ ಕಂಡಿತು. ಹಸುಗಳು ಮೇವಿನ ಹಿಂದೆ ಸಾಲುಗಟ್ಟಿ ತಗ್ಗಿಗೆ ಇಳಿದವು.

“ಸಾರ್! ಸಾರ್, ಅಲ್ಲಲ್ಲ, ಆ ಕಡೆ! ದಿಬ್ಬದ ಹಿಂದೆ!”

“ಎಂತ ಮಾರಾಯ್ರೆ,” ಎಂದರು ಸಾಹೇಬರು ನಿಜವಾಗಿಯೂ ನೊಂದು. “ಸರಿಸಿ ಸರಿಸಿ ಅಂತ ನೀವೇ ಹೇಳಿದ್ದಲ್ವಾ? ಈಗ ಸರಿಸಿದೆ.”

“ಇದನ್ನ ಈಗಲೇ ವಾಪಸ್ ತೆಗೆಸಿ ಸಾರ್, ಕೈ ಮುಗೀತೀನಿ.”

“ಫೋಟೋ ಆಗಲಿ, ಅರ್ಜಿ ಹಾಕಿ. ಎತ್ತಬೇಕಾದರೆ ಹೊಸ ಪರ್ಮಿಟ್. ಪರ್ಮಿಟ್ಟಿಗೆ ಅಲ್ಲಿನ ಮಣ್ಣಿನ ವರದಿ ಬೇಕು.” ಸಾಹೇಬರು ಸ್ವಲ್ಪ ಯೋಚಿಸಿದರು. “ಆದರೆ ಅಲ್ಲಿ ಮಣ್ಣು ಇಲ್ಲ ಅಂತ ನೀವೇ ಸೈನ್ ಹಾಕಿದ್ದೀರಲ್ಲ. ಅದಿನ್ನು ಕಷ್ಟ ಉಂಟು.”

ಫೋಟೋ ಚೆನ್ನಾಗಿ ಬಂತು. ಮರದ ಬುಡದಲ್ಲಿ ಗೋದಲಿ, ಗೋದಲಿಯ ಸುತ್ತ ಹಸುಗಳು, ಮುಂದೆ ನಗುತ್ತಿರುವ ಅಧಿಕಾರಿಗಳು. ತುದಿಯಲ್ಲಿ ನಿಂತ ಯತಿರಾಜರೂ ಚಪ್ಪಾಳೆ ತಟ್ಟುತ್ತಿರುವಂತೆ ಕಾಣುತ್ತದೆ. ಎರಡು ಕೈ ಜೋಡಿಸಿದವರು ಹಾಗೆ ಕಾಣುವುದು ಸಹಜ. ಸಮಾರಂಭಕ್ಕೆ ತರಿಸಿದ್ದ ಮುಖ್ಯ ಕಚೇರಿಯ ಹೂಕುಂಡಕ್ಕೆ ಜರತಾರಿ ಪಟ್ಟಿ ಕಟ್ಟಿ, ಪ್ಲಾಸ್ಟಿಕ್ ಗಿಡ ಕಿತ್ತು, ‘ಸುತ್ತಲಿನ ಮಣ್ಣು’ ಎಂದು ಹಿತ್ತಾಳೆಯ ಫಲಕ ಜಡಿದು, ಅದನ್ನು ಜೋಪಾನವಾಗಿ ಕಾಪಾಡುವ ಹೊಣೆಯನ್ನು ಯತಿರಾಜರಿಗೆ ವಹಿಸಲಾಯಿತು. ಅವರು ಕಂಪನಿಯ ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದರು. ಬಸ್ಸಿನಲ್ಲಿ ಎಲ್ಲರೂ ಅಭಿನಂದಿಸಿದರು.

ಅರುಂಧತಿಗೆ ಅವರು ಏನನ್ನೂ ಮುಚ್ಚಿಡಲಿಲ್ಲ. ಆಕೆ ಕೇಳಿಸಿಕೊಂಡು ಬೈಯಲಿಲ್ಲ, ಅಳಲಿಲ್ಲ. ಕುಂಡವನ್ನು ಬಾಲ್ಕನಿಗೆ ಒಯ್ದಿಟ್ಟಳು. ಆ ವರ್ಷ ಎಲಚಿ ವಡೆ ಒಣಗಲಿಲ್ಲ. ಹಿಂದಿನ ವರ್ಷದ ಹಣ್ಣಿನ ಒಂದಿಷ್ಟು ಬೀಜ ಡಬ್ಬಿಯಲ್ಲಿ ಉಳಿದಿತ್ತು. ಗಂಡನಿಗೆ ಹೇಳದೆ ಆಕೆ ಒಂದರ ಓಟೆಯನ್ನು ಕುಟ್ಟಾಣಿಯಲ್ಲಿ ಮೆಲ್ಲಗೆ ಒಡೆದು, ಒಳಗಿನ ಬೀಜವನ್ನು ಕುಂಡದಲ್ಲಿ ಊರಿ, ದಿನಾ ಒಂದು ಲೋಟ ನೀರು ಹಾಕಿದಳು.

ಮಾರ್ಚ್ ಬಂತು. ಆಶ್ರಿತಾ ಪರೀಕ್ಷೆ ಬರೆದಳು. ಗೇಟಿನ ಫಲಕದಲ್ಲಿ ಸ್ಪಿಲ್ ಇಲ್ಲದ ದಿನಗಳು ಏರುತ್ತಲೇ ಇದ್ದವು. ಸಿದ್ರ್ ಮರದ ಕೊನೆಯ ಎಲೆಗಳು ಉದುರಿದವು. ನೆರಳು ಕಡಿಮೆಯಾಗಿದ್ದಕ್ಕೆ ಸಾಹೇಬರು ತಲೆಯೆಣಿಕೆಯ ಜಾಗವನ್ನು ಕ್ಯಾಂಟೀನಿನ ಹಿಂದಕ್ಕೆ ಬದಲಾಯಿಸಿದರು. ಅಂತಿಮ ವರದಿ ಕಳಿಸಬೇಕಾದ ದಿನದ ಹಿಂದಿನ ಸಂಜೆ ಯತಿರಾಜರು ಚಮಚ ಹಿಡಿದು ಬಾಲ್ಕನಿಗೆ ಹೋದರು. ಕುಂಡದ ನಡುವೆ ಎರಡು ಪುಟ್ಟ ಎಲೆ ಬಿಚ್ಚಿಕೊಂಡು ಒಂದು ಸಸಿ ನಿಂತಿತ್ತು.

ಅದು ಯಾವ ಸಸಿ ಎಂದು ಅವರು ಕೇಳಬೇಕಾಗಿರಲಿಲ್ಲ. ಬಹಳ ಹೊತ್ತು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೆಳಗಿನ ಹೋಟೆಲಿನಿಂದ ದೋಸೆಯ ವಾಸನೆ ಬರುತ್ತಿತ್ತು. ಬೇರು ಇಳಿದಿದೆ, ಮಣ್ಣು ಸಡಿಲಾಗಿದೆ, ಹಸಿಯಾಗಿದೆ. ಸುತ್ತಲಿನ ಮಣ್ಣಿನ ಮೇಲೆ ಪರಿಣಾಮವಾಗಿದೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಹಾಗೆಂದು ಬರೆದರೆ ಪ್ರಶಸ್ತಿ ಹೋಗುತ್ತದೆ, ಮುದ್ರೆ ಹೋಗುತ್ತದೆ, ಅದರ ಹಿಂದೆಯೇ ತಾವೂ ಹೋಗಬೇಕಾಗುತ್ತದೆ. ಅವರು ಎರಡು ಬೆರಳಿನಲ್ಲಿ ಸಸಿಯನ್ನು ಬುಡದಲ್ಲಿ ಹಿಡಿದರು. ಬೇರು ಎಳೆಯದಾಗಿದ್ದರಿಂದ ಸುಲಭವಾಗಿ ಬಂತು. ಕಿತ್ತ ಜಾಗವನ್ನು ಚಮಚದ ಬೆನ್ನಿನಿಂದ ಸಮ ಮಾಡಿದರು. ಆಗ ಅವರಿಗೆ ಅಳು ಬಂತು. ಅದನ್ನು ಅವರು ತಡೆಯಲಿಲ್ಲ.

ಬಾಗಿಲಲ್ಲಿ ಅರುಂಧತಿ ನಿಂತಿದ್ದಳು. ಅವರ ಕೈಯಲ್ಲಿದ್ದುದನ್ನು ನೋಡಿದಳು.

“ವರದಿ ನಾಳೇನಾ?” ಎಂದಳು.

“ನಾಳೆ.”

“ಕೈ ತೊಳ್ಕೊಂಡು ಬನ್ನಿ. ಊಟಕ್ಕೆ ಹಾಕ್ತೀನಿ.”

ಸುತ್ತಲಿನ ಮಣ್ಣಿನಲ್ಲಿ ಯಾವುದೇ ಬದಲಾವಣೆ ಕಂಡುಬಂದಿಲ್ಲವೆಂಬ ಅಂತಿಮ ವರದಿಯು ಹಿಮ ಕರಗುವ ಮೊದಲೇ ಯುರೋಪಿಗೆ ತಲುಪಿತು. ಮುಂದಿನ ಚಳಿಗಾಲಕ್ಕೂ ಗೋದಲಿ ಅಲ್ಲೇ ಇರತಕ್ಕದ್ದೆಂದು ಆದೇಶವಾಗಿದೆ.